ಕಣ್ಕಟ್ಟಿನ ಮನಶ್ಶಾಸ್ತ್ರ



ಗಾರುಡಿಗನ ವಿದ್ಯೆಗೆ ನಮ್ಮ ಜನರು ಕಣ್ಕಟ್ಟು ಎಂದು ಹೆಸರಿಟ್ಟಿದ್ದಾರೆ. ಹೆಸರೇನೋ ಸೊಗಸಾಗಿದೆ. ಆದರೆ ಕಟ್ಟಿಗೆ ಸಿಕ್ಕುವುದು ಕಣ್ಣೋ, ಕಣ್ಣಿನ ಹಿಂದಿರುವ ಮನಸ್ಸೋ ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರಿನ ಬಯಲಿನಲ್ಲಿ ಗಾರುಡಿಗನೊಬ್ಬನು ಮೂರು ಬಟ್ಟಲುಗಳನ್ನು ಬೋರಲು ಹಾಕಿಕೊಂಡು ಕುಳಿತಿರುವನೆಂದು ಭಾವಿಸಿರಿ. ಸಣ್ಣ ಗುಂಡೊಂದನ್ನು ಬಲಗೈಯಿಂದ ಎಡಗೈಗೆ ಹಾಕಿದಂತೆ ಮಾಡಿ, ಅವನು ಎಡಗೈಯ ಮುಷ್ಟಿಯನ್ನೇ ದಿಟ್ಟಿಸುತ್ತಾನೆ. ನೆರೆದವರೂ ಅದನ್ನೇ ದಿಟ್ಟಿಸುತ್ತಾರೆ. ಗುಂಡು ಬಲಗೈಯಲ್ಲಿಯೇ ಅಡಗಿದೆ. ಅಷ್ಟರಲ್ಲಿ ಒಂದು ಹಾಸ್ಯದ ಮಾತು, ಎಲ್ಲರೂ ನಗುತ್ತಾರೆ. ಆ ನಗೆಯ ಮರೆಯಲ್ಲಿ ಗುಂಡು ಬಟ್ಟಲಿನ ಅಡಿಯನ್ನು ಸೇರುತ್ತದೆ. ಕೈಚಳಕವೊಂದೇ ಇದ್ದರೆ ಆಟ ನಡೆಯದು. ಅವಧಾನವನ್ನು ಬೇಕಾದ ಕಡೆಗೆ ತಿರುಗಿಸುವುದೇ ಅವನ ನಿಜವಾದ ವಿದ್ಯೆ.

ಇನ್ನೊಂದು ಸಾಧನವೆಂದರೆ ನಮ್ಮ ನಿರೀಕ್ಷೆ. ಗುಸ್ತಾವ್ ಕೂನ್ ಮತ್ತು ಮೈಕೇಲ್ ಲ್ಯಾಂಡ್ ಎಂಬ ವಿಜ್ಞಾನಿಗಳು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದರಲ್ಲಿ ಆಟಗಾರನು ಚೆಂಡನ್ನು ಎರಡು ಸಲ ಮೇಲಕ್ಕೆಸೆದು ಹಿಡಿದನು. ಮೂರನೆಯ ಸಲ ಚೆಂಡನ್ನು ಕೈಯಲ್ಲಿಯೇ ಇರಿಸಿಕೊಂಡು, ಎಸೆದಂತೆ ಮಾಡಿ ಮೇಲೆ ನೋಡಿದನು. ನೋಡಿದವರಲ್ಲಿ ನೂರಕ್ಕೆ 68 ಮಂದಿ ಚೆಂಡು ಮೇಲೇರಿ ಮಾಯವಾದುದನ್ನು ಕಂಡೆವೆಂದರು. ಅವನು ಮೇಲೆ ನೋಡದೆ ಕೈಯನ್ನೇ ನೋಡಿದಾಗ ಹಾಗೆಂದವರು 32 ಮಂದಿ ಮಾತ್ರ. ಅವರ ಕಣ್ಣಿನ ಚಲನೆಯನ್ನು ಅಳೆದಾಗ ಒಂದು ವಿಚಿತ್ರವು ತಿಳಿದುಬಂದಿತು: ಚೆಂಡು ಮಾಯವಾಯಿತೆಂದು ಹೇಳಿದವರಲ್ಲಿಯೂ ಬಹುಮಂದಿಯ ದೃಷ್ಟಿ ಆ ಸ್ಥಳಕ್ಕೆ ಹೋಗಿಯೇ ಇರಲಿಲ್ಲ! ಕಣ್ಣು ಮೋಸಹೋಗಲಿಲ್ಲ, ಮನಸ್ಸು ತಾನು ಎದುರುನೋಡಿದುದನ್ನೇ ಕಂಡೆನೆಂದು ಸಾಕ್ಷಿ ನುಡಿಯಿತು.

ಗಾರುಡಿಗನು ತನ್ನದು ಆಟವೆಂದು ಒಪ್ಪಿಕೊಂಡು ನಾಲ್ಕು ಕಾಸು ಬೇಡುತ್ತಾನೆ. ಅದೇ ವಿದ್ಯೆಯನ್ನು ದೈವಶಕ್ತಿಯೆಂದು ಸಾರುವವರು ನಂಬಿದವರ ಮನೆಮಾರುಗಳನ್ನೇ ಕಳೆಯಬಲ್ಲರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾಕ್ಟರ್ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗಾಗಿ ಸಮಿತಿಯೊಂದನ್ನು ರಚಿಸಿದುದು ಈ ಕಾರಣದಿಂದಲೇ ಸ್ತುತ್ಯವಾದುದು. ಆದರೆ ಇಂಥ ಪರೀಕ್ಷೆಗೆ ವಿದ್ವತ್ತೊಂದೇ ಸಾಲದು. ಪ್ರಕೃತಿಯು ತನ್ನನ್ನು ಪರೀಕ್ಷಿಸುವವನ ಗಮನವನ್ನು ಬೇಕೆಂದೇ ಬೇರೆಡೆಗೆ ಸೆಳೆಯುವುದಿಲ್ಲ, ಮನುಷ್ಯನು ಸೆಳೆಯುತ್ತಾನೆ. ಆದುದರಿಂದ ವಿದ್ವಾಂಸರ ಪಕ್ಕದಲ್ಲಿ ಒಬ್ಬ ಗಾರುಡಿಗನನ್ನೂ ಕೂರಿಸಿಕೊಳ್ಳುವುದು ಲೇಸು.

ನಾವು ವಿದ್ಯಾವಂತರು, ನಮಗೆ ಈ ಮೋಸ ತಟ್ಟದು ಎಂದು ಯಾರೂ ಭಾವಿಸಬೇಕಾಗಿಲ್ಲ. ಅವಧಾನಕ್ಕೆ ಎಲ್ಲೆಯಿರುವುದು ಪಂಡಿತರಿಗೂ ಪಾಮರರಿಗೂ ಸಮಾನವಾದ ಧರ್ಮ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯು ಕಣ್ಣನ್ನು ಶಂಕಿಸುವುದಕ್ಕಿಂತ ಹೆಚ್ಚಾಗಿ, ಕಂಡೆನೆಂದು ಆತುರಪಡುವ ಮನಸ್ಸನ್ನು ತಡೆದು ನಿಲ್ಲಿಸುತ್ತದೆ.