ಕಬ್ಬಿಣಕ್ಕಾಗಿ ಕಾದಾಟ



ವಯಸ್ಕರ ಮೈಯಲ್ಲಿರುವ ಕಬ್ಬಿಣ ಎಲ್ಲ ಸೇರಿ ಮೂರು-ನಾಲ್ಕು ಗ್ರಾಂ ಅಷ್ಟೇ. ಅದಿಲ್ಲದೆ ರಕ್ತ ಆಮ್ಲಜನಕವನ್ನು ಹೊರಲಾರದು. ರೋಗ ತರುವ ಬಹುಪಾಲು ಬ್ಯಾಕ್ಟೀರಿಯಾಗಳೂ ಅದಿಲ್ಲದೆ ಬೆಳೆಯಲಾರವು. ಹಾಗಾಗಿ ಸೋಂಕು ತಗುಲಿದಾಗಲೆಲ್ಲ ಈ ಚಿಟಿಕೆ ಲೋಹಕ್ಕಾಗಿ ನಮ್ಮೊಳಗೆ ಕಾದಾಟ ನಡೆಯುತ್ತದೆ.

ಇದರ ಸುಳಿವು ಸಿಕ್ಕಿದ್ದು ಕೋಳಿಮೊಟ್ಟೆಯಲ್ಲಿ. 1944ರಲ್ಲಿ ಅಮೆರಿಕದ ಆರ್ಥರ್ ಶೇಡ್ ಮತ್ತು ಲಿಯೋನಾ ಕ್ಯಾರೊಲಿನ್ ಬ್ಯಾಕ್ಟೀರಿಯಾ ಬೆಳೆಸುವ ದ್ರವಕ್ಕೆ ಹಸಿಮೊಟ್ಟೆಯ ಬಿಳಿಭಾಗ ಬೆರೆಸಿದರು. ರಕ್ತಭೇದಿಯ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಂತುಹೋಯಿತು. ಬೇರೆ ಬೇರೆ ಪೋಷಕಾಂಶಗಳನ್ನು ಹಾಕಿ ನೋಡಿದರು, ಫಲವಿಲ್ಲ. ಕಬ್ಬಿಣ ಹಾಕಿದಾಗ ಅವು ಮತ್ತೆ ಬೆಳೆದವು. ಮೊಟ್ಟೆಯ ಒಂದು ಪ್ರೋಟೀನು ಕಬ್ಬಿಣವನ್ನೆಲ್ಲ ಹಿಡಿದಿಟ್ಟುಕೊಂಡಿತ್ತು. ಎರಡು ವರ್ಷಗಳ ಬಳಿಕ ಮನುಷ್ಯರ ರಕ್ತದಲ್ಲೂ ಅವರು ಅಂಥದೇ ಪ್ರೋಟೀನನ್ನು ಕಂಡರು. ಅದೇ ಟ್ರಾನ್ಸ್‌ಫೆರಿನ್. ತಾಯಿಯ ಹಾಲಿನಲ್ಲಿ, ಕಣ್ಣೀರಿನಲ್ಲಿ ಈ ಕೆಲಸ ಮಾಡುವುದು ಲ್ಯಾಕ್ಟೊಫೆರಿನ್.

ಸೋಂಕಾದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತದೆ. ಅದರಿಂದಾಗಿ ಕರುಳಿನಿಂದಲೂ ಜೀವಕೋಶಗಳ ದಾಸ್ತಾನಿನಿಂದಲೂ ರಕ್ತಕ್ಕೆ ಬರುವ ಕಬ್ಬಿಣ ಕಡಿಮೆಯಾಗುತ್ತದೆ. ಕಬ್ಬಿಣವಷ್ಟೇ ಅಲ್ಲ, ಕೀವಿನಲ್ಲಿರುವ ಬಿಳಿರಕ್ತಕಣಗಳು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನಿಂದ ಸತುವನ್ನೂ ಮ್ಯಾಂಗನೀಸನ್ನೂ ಹಿಡಿದಿಡುತ್ತವೆ.

ಬ್ಯಾಕ್ಟೀರಿಯಾಗಳೂ ಸುಮ್ಮನಿರುವುದಿಲ್ಲ. ಇ. ಕೋಲಿ ಎಂಟೆರೊಬ್ಯಾಕ್ಟಿನ್ ಎಂಬ ಪುಟ್ಟ ಅಣುವನ್ನು ಹೊರಕ್ಕೆ ಬಿಡುತ್ತದೆ. ಅದು ಟ್ರಾನ್ಸ್‌ಫೆರಿನ್ ಕೈಯಿಂದಲೇ ಕಬ್ಬಿಣವನ್ನು ಕಿತ್ತು ತರುತ್ತದೆ. ಇಂಥ ಅಣುಗಳಿಗೆ ಸಿಡರೊಫೋರ್ ಎನ್ನುತ್ತಾರೆ. ನಮ್ಮ ದೇಹ ಲಿಪೊಕ್ಯಾಲಿನ್-2 ಎಂಬ ಪ್ರೋಟೀನಿನಿಂದ ಎಂಟೆರೊಬ್ಯಾಕ್ಟಿನ್ನನ್ನು ಸೆರೆಹಿಡಿಯುತ್ತದೆ. ಸಾಲ್ಮೊನೆಲ್ಲಾ ಅದಕ್ಕೂ ಉಪಾಯ ಕಂಡುಕೊಂಡಿದೆ: ಅದೇ ಅಣುವಿಗೆ ಗ್ಲೂಕೋಸ್ ಜೋಡಿಸಿ, ಲಿಪೊಕ್ಯಾಲಿನ್ ಹಿಡಿತಕ್ಕೆ ಸಿಗದ ಹಾಗೆ ಮಾಡುತ್ತದೆ.

ಬ್ಯಾಕ್ಟೀರಿಯಾಗಳ ಈ ಕಬ್ಬಿಣದ ಹಸಿವನ್ನೇ ವಿಜ್ಞಾನಿಗಳು ಔಷಧಿಗೆ ದಾರಿ ಮಾಡಿಕೊಂಡಿದ್ದಾರೆ. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಫಿಡೆರೊಕಾಲ್ ಎಂಬ ಆಂಟಿಬಯೋಟಿಕ್‌ಗೆ ಸಿಡರೊಫೋರ್‌ನಂಥ ಭಾಗವನ್ನು ಜೋಡಿಸಲಾಗಿದೆ. ಕಬ್ಬಿಣ ಬಂತೆಂದು ಬ್ಯಾಕ್ಟೀರಿಯಾ ಅದನ್ನು ತಾನೇ ಒಳಗೆಳೆದುಕೊಂಡು ಸಾಯುತ್ತದೆ.

ಇದನ್ನು ಕೇಳಿ ಯಾರೂ ಕಬ್ಬಿಣಾಂಶದ ಮಾತ್ರೆಯನ್ನು ಬಿಡಬಾರದು. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ರಕ್ತಹೀನತೆ ಇದೆ. ವೈದ್ಯರು ಬರೆದುಕೊಟ್ಟ ಮಾತ್ರೆ ಅವರಿಗೆ ಬೇಕೇ ಬೇಕು. ಆದರೆ ಜೋರು ಜ್ವರವಿದ್ದಾಗ ಅದನ್ನು ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಿ. ಮನೆಯಲ್ಲಿ ಪದೇಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾದ ಮಗುವಿದ್ದರೆ ಇನ್ನೂ ಎಚ್ಚರ ಬೇಕು. ಅಂಥ ಮಕ್ಕಳ ಮೈಯಲ್ಲಿ ಕಬ್ಬಿಣ ಮಿತಿಮೀರಿ ಸೇರಿರುತ್ತದೆ. ಜ್ವರ ಬಂದರೆ ಕಾಯುತ್ತ ಕೂರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.