ಹಲ್ಲು ಉದುರಿದ ಕನಸು: ಯಾರಿಗೆ ಅಪಾಯ?

ಬಾಯಲ್ಲಿರೋ ಹಲ್ಲೆಲ್ಲ ಒಂದೊಂದಾಗಿ ಅಂಗೈಗೆ ಉದುರೋ ಕನಸು ನಿಮಗೂ ಬಿದ್ದಿದೆಯಾ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದಕ್ಕೆ ಒಂದೇ ಅರ್ಥ: ಹತ್ತಿರದವರು ಯಾರೋ ಹೋಗ್ತಾರೆ.

ಅಪ್ಪ ಆಸ್ಪತ್ರೆಯಲ್ಲಿದ್ದ ವಾರ ನನಗೂ ಈ ಕನಸು ಬಿತ್ತು. ಅಜ್ಜಿಗೆ ಹೇಳಿದೆ. "ಯಾರಿಗೂ ಹೇಳ್ಬೇಡ ಕಣೋ, ದೇವರಿಗೆ ದೀಪ ಹಚ್ಚು" ಅಂದ್ರು. ಆಮೇಲೆ ಫೋನ್ ರಿಂಗಾದಾಗೆಲ್ಲ ಎದೆ ಧಸಕ್ ಅಂತಿತ್ತು.

ಈ ನಂಬಿಕೆ ನಮ್ಮಲ್ಲಿ ಮಾತ್ರ ಇಲ್ಲ. 2ನೇ ಶತಮಾನದಲ್ಲೇ ಗ್ರೀಕ್ ಲೇಖಕ ಆರ್ಟೆಮಿಡೋರಸ್ ತನ್ನ ಕನಸಿನ ಪುಸ್ತಕದಲ್ಲಿ ಬಾಯಿ ಅಂದ್ರೆ ಮನೆ, ಹಲ್ಲು ಅಂದ್ರೆ ಮನೆಮಂದಿ ಅಂತ ಅರ್ಥ ಹೇಳಿದ್ದ.

2018ರಲ್ಲಿ ಇಸ್ರೇಲ್‌ನ ಇಬ್ಬರು ಸಂಶೋಧಕರು 210 ವಿದ್ಯಾರ್ಥಿಗಳನ್ನು ಕೇಳಿ ನೋಡಿದ್ರು. ಈ ಕನಸು ಹೆಚ್ಚು ಬೀಳೋರಲ್ಲಿ, ಬೆಳಗ್ಗೆ ಎದ್ದಾಗ ಹಲ್ಲು, ಒಸಡು, ದವಡೆಯ ಬಿಗಿತವೂ ಹೆಚ್ಚು ಕಂಡಿತು. ಮನಸ್ಸಿನ ಸಂಕಟದ ಜೊತೆ ಅಂಥ ನಂಟು ಸಿಗಲಿಲ್ಲ. ಇದು ಒಂದೇ ಅಧ್ಯಯನ, ನಿಜ. ಆದರೂ ನಿದ್ದೆಯಲ್ಲಿ ದೇಹಕ್ಕೆ ಆಗೋದನ್ನೇ ಮೆದುಳು ಕಥೆ ಮಾಡ್ತಿರಬಹುದು.

ಅಪ್ಪ ಹುಷಾರಾಗಿ ಮನೆಗೆ ಬಂದ್ರು. ಬರದೇ ಇದ್ದಿದ್ರೂ ಅದಕ್ಕೆ ನನ್ನ ಕನಸು ಕಾರಣ ಆಗ್ತಿರಲಿಲ್ಲ. ಇದನ್ನ ಹೇಳಲೇಬೇಕು, ಯಾಕಂದ್ರೆ ಇಂಥ ಕನಸು ಬಿದ್ದ ಮೇಲೆ ನಿಜವಾಗ್ಲೂ ಯಾರನ್ನೋ ಕಳೆದುಕೊಂಡವರು ನಿಮ್ಮಲ್ಲಿ ಇರಬಹುದು. ಆ ಭಾರ ನೀವು ಹೊರಬೇಕಿಲ್ಲ.

ಬೆಳಗ್ಗೆ ದವಡೆ ನೋಯ್ತಿದ್ರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಊರಿಗೆ ಫೋನ್ ಮಾಡ್ಬೇಕು ಅನಿಸಿದ್ರೆ ಮಾಡಿ, ಅದಕ್ಕೆ ಕನಸಿನ ನೆಪ ಬೇಡ.