ಸ್ವಂತ ತಾಳ ಹುಡುಕಿದ ತಂಡ



ಮಂಗಳೂರಿನಲ್ಲಿ 'ಬ್ಯಾಂಡ್' ಎಂದೊಡನೆ ನಿಮಗೆ ನೆನಪಾಗುವುದು ಮದುವೆ ಮನೆಯ, ಚರ್ಚ್ ಹಬ್ಬದ ಹಿತ್ತಾಳೆ ವಾದ್ಯಗಳ ಮೇಳ. ಗಿಟಾರ್, ಡ್ರಮ್ಸ್‌ಗಳೂ ಇಲ್ಲಿನ ಕೊಂಕಣಿಗರಿಗೆ ಹೊಸತಲ್ಲ. 'ಕೊಂಕಣ ಕೋಗಿಲೆ' ವಿಲ್ಫಿ ರೆಬಿಂಬಸ್ (1942–2010) ತಾವೇ ಬರೆದು, ರಾಗ ಹಾಕಿ ಹಾಡಿದ ಗೀತೆಗಳ 'ನೈಟ್'ಗಳಿಗೆ ಜನ ಟಿಕೆಟ್ ಕೊಂಡು ಬರುತ್ತಿದ್ದರು. ಸಿನಿಮಾದ ಹಂಗಿಲ್ಲದೆಯೂ ಜನಪ್ರಿಯ ಸಂಗೀತ ಬದುಕಬಲ್ಲದೆಂಬುದಕ್ಕೆ ಅದು ಸಾಕ್ಷಿ.

ಈ ನೆಲದಲ್ಲೇ 1986ರಲ್ಲಿ ಎರಿಕ್ ಒಝೇರಿಯೊ ಅವರ ಮುಂದಾಳತ್ವದಲ್ಲಿ 'ಮಾಂಡ್ ಸೊಭಾಣ್' ಹುಟ್ಟಿತು. ಅದು ಎತ್ತಿದ ಪ್ರಶ್ನೆ ಸರಳ: ಮಾತು ಕೊಂಕಣಿಯದಾದರೆ ಸಾಕೆ? ರಾಗ, ತಾಳಗಳೂ ಕೊಂಕಣಿಯವಾಗಬೇಡವೆ? ಪಾಶ್ಚಾತ್ಯ ಧಾಟಿಗೆ ಒಗ್ಗಿದ ಕಿವಿಗಳಿಗೆ ಈ ಪ್ರಶ್ನೆ ಅಷ್ಟೇನೂ ಹಿತವಾದುದಲ್ಲ. ತಂಡ ಉತ್ತರ ಹುಡುಕುತ್ತಾ ಜನಪದ ಹಾಡುಗಳ ಬಳಿಗೆ, ಗುಮಟೆಯ ಬಳಿಗೆ ಹೋಯಿತು.

ಗುಮಟೆ ಎಂದರೆ ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣದು ತೆರೆದಿರುತ್ತದೆ. ಒಂದು ಕೈ ಚರ್ಮವನ್ನು ಬಡಿಯುವಾಗ ಇನ್ನೊಂದು ಅಂಗೈ ತೆರೆದ ಬಾಯಿಯನ್ನು ಮುಚ್ಚಿ ತೆಗೆಯುತ್ತದೆ. ಬಾಯಿ ಕಿರಿದಾದಷ್ಟೂ ಒಳಗಿನ ಗಾಳಿಯ ಕಂಪನ ನಿಧಾನವಾಗಿ ನಾದ ತಗ್ಗುತ್ತದೆ. ಭೌತಶಾಸ್ತ್ರದ ಒಂದು ಪಾಠವೇ ಆ ಮಡಕೆಯಲ್ಲಿದೆ! ಹಿಂದೆ ಇದಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡ ಸಂರಕ್ಷಿತ ಪ್ರಾಣಿಯಾದ ಮೇಲೆ ಆಡಿನ ಚರ್ಮ ಬಂದಿದೆ.

ಮುಂದಿನ ಹೆಜ್ಜೆಗಳನ್ನು ನೋಡಿ. ಶಕ್ತಿನಗರದಲ್ಲಿ 'ಕಲಾಂಗಣ' ತಲೆಯೆತ್ತಿತು. 2002ರಿಂದ ತಿಂಗಳಿಗೊಂದು ರಂಗ ಕಾರ್ಯಕ್ರಮ ಆರಂಭವಾಯಿತು. 2008ರ ಜನವರಿಯಲ್ಲಿ 40 ಗಂಟೆಗಳ ನಿರಂತರ ಕೊಂಕಣಿ ಗಾಯನ ಗಿನ್ನೆಸ್ ದಾಖಲೆಗೆ ಸೇರಿತು. ಹಾಡುವವರ ತಂಡವೊಂದು ಸಂಸ್ಥೆಯಾಗಿ ಬೆಳೆದ ಪರಿ ಇದು.

ಇದೇಕೆ ಮುಖ್ಯ? 2011ರ ಜನಗಣತಿಯಂತೆ ದೇಶದಲ್ಲಿ ಕೊಂಕಣಿ ಮಾತೃಭಾಷೆಯವರು ಸುಮಾರು 22.5 ಲಕ್ಷ. ಇಷ್ಟು ಸಣ್ಣ ಮಾರುಕಟ್ಟೆಗೆ ದೊಡ್ಡ ಕಂಪೆನಿಗಳು ಬಂಡವಾಳ ಹೂಡುವುದು ಕಷ್ಟ. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲ್ ಬಂತು. ನಕಲು ಮಾಡುವುದು ಸುಲಭವಾದಂತೆಲ್ಲ ಮುದ್ರಿತ ಹಾಡಿನ ಬೆಲೆ ಇಳಿಯಿತು. ನಕಲಾಗದೆ ಉಳಿದದ್ದು ವೇದಿಕೆಯೊಂದೇ. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂಗ್ಲಿಷಿನಲ್ಲಿ ಸ್ವಂತ ಹಾಡುಗಳನ್ನೇ ಕಟ್ಟಿದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ರಾಕ್ ತಂಡಕ್ಕೂ ಈ ಮಾತು ಸಲ್ಲುತ್ತದೆ.

ಹಾಡು ಕಟ್ಟುವ ತರುಣರು ನಿಮ್ಮ ಮನೆಯಲ್ಲಿದ್ದರೆ ಒಂದು ವಿಷಯ ತಿಳಿಸಿ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆಯಂತೆ, ಧ್ವನಿಮುದ್ರಣವನ್ನು ಇತರರು ಬಳಸಿದಾಗ ಬರುವ ರಾಯಧನದ ಪಾಲನ್ನು ಗೀತರಚನಕಾರರು, ಸಂಯೋಜಕರು ಕಂಪೆನಿಗೆ ಬಿಟ್ಟುಕೊಡುವಂತಿಲ್ಲ. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷವೆಂದೇ ಲೆಕ್ಕ. ಆದ್ದರಿಂದ ಸಹಿ ಹಾಕುವ ಮುನ್ನ ಕಾಗದವನ್ನು ಪೂರ್ತಿ ಓದಲಿ.

ಉಳಿದದ್ದು ನಿಮ್ಮ ಪಾಲು. ಊರಿನ ತಂಡ ಹಾಡುವಾಗ ಉಚಿತ ಪಾಸ್ ಕೇಳದಿರಿ, ಟಿಕೆಟ್ ಕೊಳ್ಳಿ. ಅವರ ಮುಂದಿನ ಹಾಡಿಗೆ ಅದೇ ಬಂಡವಾಳ.